ಕಾಲು ಹುಡುಕಿದ ಕಲ್ಲು

ಮಾರ ಬಂದು ಬಾಗಿಲಲ್ಲಿ ನಿಂತಾಗ ಅವನಿಗಿಂತ ಮೊದಲು ಒಳಗೆ ಬಂದದ್ದು ಹೊಳೆಯ ವಾಸನೆ. ಅವನ ಕಂಬಳಿ ಒದ್ದೆಯಾಗಿತ್ತು. ಪಾಚಿ, ಮೀನು, ಹಸಿ ಮರಳು, ಮತ್ತಿ ಎಲೆ ಕೊಳೆತ ನೀರು ಎಲ್ಲ ಸೇರಿದ ವಾಸನೆ ಅದು. ಊಟಿಯಲ್ಲಿ ಸೌದೆ ಹೊಗೆಯ ವಾಸನೆ ಉಂಟು, ನೀಲಗಿರಿ ಎಣ್ಣೆಯ ವಾಸನೆ ಉಂಟು, ಈ ವಾಸನೆ ಇಲ್ಲ. ಅದಿಲ್ಲವೆಂದೇ ನಾನು ಇಷ್ಟು ವರ್ಷ ಇಲ್ಲಿ ಉಳಿದದ್ದು.

"ಅತ್ತೆ, ಅಪ್ಪ ಹೋಗ್ಬುಟ್ಟ," ಅಂದ. "ಮಣ್ಣು ಮಾಡಿ ಆಯ್ತು. ಕಲ್ಲು ತಗಿಯಕ ನೀನೇ ಬರ್ಬೇಕು. ಸಾಯೂಗಂಟ ಅದೊಂದೇ ಮಾತು ಆಡ್ತಿದ್ದ. ಮಾದೀನೇ ಬರ್ಬೇಕು, ಮಾದೀನೇ ತಗೀಬೇಕು ಅಂತ."

ಮಾರ ನನ್ನ ಅಣ್ಣ ಸಿದ್ದನ ಮಗ. ಅಣ್ಣ ಸತ್ತ ಸುದ್ದಿ ಕೇಳಿ ನನಗೆ ಅಳು ಬರಲಿಲ್ಲ. ಸತ್ತವರ ಮೇಲೆ ಕೆಟ್ಟ ಮಾತಾಡಬಾರದು ಅನ್ನುತ್ತಾರೆ. ಹಾಗನ್ನುವವರು ಸತ್ತವನು ಏನು ಮಾಡಿದ್ದ ಅಂತ ಮೊದಲು ವಿಚಾರಿಸಿಕೊಳ್ಳಬೇಕು. ಮಾರನಿಗೆ ಕಾಫಿ ಕಾಸಿ ಕೊಟ್ಟೆ, ಕಂಬಳಿಯನ್ನು ಒಲೆಯ ಮೇಲಿನ ಗಳಕ್ಕೆ ಹಾಕಿದೆ. ಅದು ಒಣಗುತ್ತ ಒಣಗುತ್ತ ವಾಸನೆ ಇನ್ನೂ ಹೆಚ್ಚಾಯಿತು. ಮಾರನೆಯ ಬೆಳಿಗ್ಗೆ ಇಬ್ಬರೂ ಸೀಗೂರು ಘಾಟಿ ಇಳಿದೆವು.

ನಮ್ಮೂರು ಹೊಳೆಕೋಟೆ. ಘಾಟಿ ಇಳಿದು, ಮಸಿನಗುಡಿ ದಾಟಿ, ಮುಳ್ಳು ಕಾಡು ಹಾದು ಹೋದರೆ ಮೋಯಾರು ಹೊಳೆಯ ದಡದಲ್ಲಿ ಸಿಗುತ್ತದೆ. ಈಗ ಊಟಿಯ ಅಂಗಡಿಗಳಲ್ಲಿ ನಮ್ಮೂರಿನ ಚಿತ್ರವಿರುವ ಕಾರ್ಡುಗಳನ್ನು ಮಾರುತ್ತಾರೆ. ಬಿದ್ದ ಕೋಟೆ, ಹುಲಿಯನ್ನು ಇರಿಯುತ್ತಿರುವ ವೀರನ ಕಲ್ಲು, ಸೂರಿಲ್ಲದ ಮಂಟಪ, ಮೊಸಳೆ ಮಲಗುವ ಮಡು, ಆಮೇಲೆ ಸಾವುಮನೆಗಳು. ನಾವು ಹುಟ್ಟಿದಾಗ ಇವೆಲ್ಲ ನೋಡುವಂಥವು ಅಂತ ನಮಗೆ ಯಾರೂ ಹೇಳಿರಲಿಲ್ಲ. ಕೋಟೆಯೊಳಗೆ ದನ ಕಟ್ಟುತ್ತಿದ್ದೆವು, ಮಂಟಪದಲ್ಲಿ ಹುರುಳಿ ಬಡಿಯುತ್ತಿದ್ದೆವು, ವೀರಗಲ್ಲಿಗೆ ವರ್ಷಕ್ಕೊಂದು ಸಲ ಎಣ್ಣೆ ಹಚ್ಚುತ್ತಿದ್ದೆವು. ಸಾವುಮನೆಯೊಂದನ್ನು ಮಾತ್ರ ನಾವು ಯಾವತ್ತೂ ಹಗುರಾಗಿ ಕಂಡವರಲ್ಲ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಳೆಯ ದಿಬ್ಬದ ಮೇಲೆ ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳಿವೆ. ಯಾರು ಕಟ್ಟಿದ್ದೋ ನಮ್ಮಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ. ಊರಿನ ಒಂದೊಂದು ಮನೆಗೆ ಒಂದೊಂದು ಗೂಡು. ಮನೆಯಲ್ಲಿ ಯಾರಾದರೂ ಸತ್ತರೆ ಹೊಳೆಯಿಂದ ಒಂದು ನುಣ್ಣನೆಯ ಕಲ್ಲು ತಂದು ಆ ಗೂಡಿನಲ್ಲಿಡುತ್ತೇವೆ. ಅಲ್ಲಿಂದ ಮುಂದೆ ಅದೇ ಸತ್ತವರು. ಅಮಾವಾಸ್ಯೆಗೆ ಹೋಗಿ ರಾಗಿ ಹಿಟ್ಟು ಉದುರಿಸಿ, ಹರಳೆಣ್ಣೆ ಸವರಿ, ಮನೆಯ ಸುದ್ದಿಯನ್ನೆಲ್ಲ ಹೇಳಿ ಬರುತ್ತೇವೆ. ಕಲ್ಲು ತರುವವಳು ಆ ಮನೆಯ ಮಗಳು ಅಥವಾ ಅಕ್ಕತಂಗಿ. ಗಂಡಸರು ತರುವ ಹಾಗಿಲ್ಲ. ದಡದ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ನೀರಿಗಿಳಿಯಬೇಕು. ಕಣ್ಣಿನಿಂದ ಹುಡುಕಬಾರದು, ಕಾಲು ಹುಡುಕಬೇಕು. ಪಾದದುದ್ದದ ಕಲ್ಲು ಪಾದದಡಿಗೆ ಬಂದು ನಿಂತರೆ ಸತ್ತವರು ಬಂದರು ಅಂತ. ಆಗ ಬಗ್ಗಿ ಎತ್ತಿಕೊಳ್ಳಬೇಕು.

ನಾನು ಮೊದಲು ಹಾಗೆ ಎತ್ತಿಕೊಂಡದ್ದು ನಮ್ಮವ್ವನನ್ನು. ನಮ್ಮ ಕಡೆ ಮಳೆ ಬರುವುದು ಕಡಿಮೆ, ಮಳೆಯ ನೀರು ಮಾತ್ರ ಬರುತ್ತದೆ. ಗೂಡಲೂರು, ಪಂದಲೂರು ಕಡೆ ಆಕಾಶ ಹರಿದುಕೊಂಡು ಬೀಳುವಾಗ ನಮ್ಮೂರಲ್ಲಿ ಬಿಸಿಲು ಕಾಯುತ್ತಿರುತ್ತದೆ. ಅಂಥ ಒಂದು ಬಿಸಿಲಿನಲ್ಲಿ ಅವ್ವ ಆಚೆ ದಡದಿಂದ ಸೊಪ್ಪಿನ ಹೊರೆ ಹೊತ್ತು ಮೊಣಕಾಲುದ್ದ ನೀರಿನಲ್ಲಿ ದಾಟುತ್ತಿದ್ದಳು. ಮೇಲಿನಿಂದ ಕೆಂಪು ನೀರು ಗೋಡೆಯ ಹಾಗೆ ಬಂತು. ಹೊರೆ ತೇಲಿದ್ದನ್ನು ಅಪ್ಪ ಕಂಡ, ಅವ್ವನನ್ನು ಕಾಣಲಿಲ್ಲ. ಕೆಳಗಿನ ಮಡುವಿನವರೆಗೂ ಹುಡುಕಿದರು. ಮೈ ಸಿಗಲೇ ಇಲ್ಲ. ಮಣ್ಣು ಮಾಡಲು ಏನೂ ಇರಲಿಲ್ಲವಾದ್ದರಿಂದ ನಮ್ಮ ಪಾಲಿಗೆ ಕಲ್ಲೊಂದೇ ಅವ್ವ.

ನೀರು ಇಳಿದ ಮೇಲೆ ನಾನು ಇಳಿದೆ. ಮೊದಲ ಸಲ ಹೆದರಿ ಮತ್ತೆ ದಡಕ್ಕೆ ಬಂದುಬಿಟ್ಟೆ. ಅಣ್ಣ ದಡದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತ, "ನಾನಿವ್ನಿ ಕನ ಮಾದಿ, ನನ್ನೇ ನೋಡ್ಕಂಡು ಬಾ ಹಿಂದಕ," ಅನ್ನುತ್ತಿದ್ದ. ಅವನ ಮುಖ ನೋಡಿಕೊಂಡೇ ಇಳಿದೆ. ಬಲಗಾಲಿನಡಿಗೆ ಕಲ್ಲೊಂದು ಬಂದು, ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಸರಿಯಾಗಿ ಕೂತಿತು. ಎತ್ತಿ ನೋಡಿದರೆ ಹಸಿರುಗಪ್ಪು ಬಣ್ಣ, ನಡುವಿಗೆ ಉಡಿದಾರ ಕಟ್ಟಿದ ಹಾಗೆ ಸುತ್ತಲೂ ಬೆರಳಿಗೆ ತಗಲುವಂಥ ಒಂದು ಬಿಳಿ ಗೆರೆ. ಅಣ್ಣ ಅದನ್ನು ನನ್ನ ಕೈಯಿಂದ ತಗೊಂಡು ಎದೆಗವುಚಿಕೊಂಡು ಅತ್ತ. ಆ ಅಳು ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ನಾನು ಹೇಳಹೊರಟದ್ದು ಅದರ ಮುಂದಿನ ಬೇಸಿಗೆಯ ಮಾತು. ಬೆಟ್ಟಕ್ಕೆ ರೈಲು ಹತ್ತಿದ ಮೇಲೆ ಊಟಿಗೆ ದೊರೆಗಳು ಬರುವುದು ಹೆಚ್ಚಾಗಿತ್ತು. ಅವರ ಸೀಜನ್ನಿನಲ್ಲಿ ನಾಯಿ ಬಿಟ್ಟು ಬೇಟೆಯಾಡುವುದು, ಕುದುರೆ ಜೂಜು, ಕುಣಿತ ಎಲ್ಲ ಮುಗಿದು ಬೇಸರ ಹತ್ತಿದಾಗ ಹಳೆಯ ಕಲ್ಲುಗಳನ್ನು ನೋಡುವ ಆಸೆ ಬರುತ್ತಿತ್ತೇನೋ. ಆ ವರ್ಷ ಮಸಿನಗುಡಿಯಿಂದ ನಮ್ಮೂರಿಗೆ ಗಾಡಿ ಬರುವಷ್ಟು ದಾರಿ ಮಾಡಿದರು. ಹೊಳೆ ಇಳಿದು ಬಂಡೆಗಳ ಬೆನ್ನು ಕಾಣುತ್ತಿತ್ತು, ಮುತ್ತುಗ ಹೂ ಉದುರಿ ಬಿದಿರು ಒಣಗಿತ್ತು, ಕಾಡಿನಲ್ಲಿ ಹೆಜ್ಜೇನು ಇಳಿಸುವ ಕಾಲ. ಟೋಪಿ, ಕೊಡೆ, ಹೊದಿಕೆ, ತಿಂಡಿಯ ಬುಟ್ಟಿಗಳ ಸಮೇತ ಅವರು ಬಂದಿಳಿಯತೊಡಗಿದರು. ದಾರಿ ತೋರಿಸಲು ಒಬ್ಬ ಬೇಕಾಯಿತು. ಸಿದ್ದಣ್ಣ ಎದ್ದು ನಿಂತ.

ಅವನಿಗೆ ಹುಟ್ಟುವಾಗಲೇ ಬಾಯಿ ಬಂದಿತ್ತು. ಕಾಡಿನ ಮರ ಎಳೆಯುವ ಮೋಪಿನ ಕೆಲಸಕ್ಕೆ ಹೋಗಿ ಬಂದು ತಮಿಳು ಕಲಿತಿದ್ದ, ಇಂಗ್ಲೀಷೂ ನಾಲ್ಕು ಮಾತು ಬರುತ್ತಿತ್ತು. ಆ ಬಂಡವಾಳದಲ್ಲಿ ಅವನು ಕಟ್ಟಿದ ಕತೆಗಳು ಕಿವಿಗೆ ಬಿದ್ದಿದ್ದರೆ ಆ ಕೋಟೆ ಕಟ್ಟಿದವರೇ ಎದ್ದು ಬಂದು ಕೂತು ಕೇಳುತ್ತಿದ್ದರು. ಕೋಟೆಯ ಮೂಲೆಯ ನರಿ ಬಿಲ ಅವನ ಬಾಯಲ್ಲಿ ಮೈಸೂರಿಗೆ ಹೋಗುವ ಸುರಂಗವಾಯಿತು. ಸುಣ್ಣ ಅರೆಯುತ್ತಿದ್ದ ಗುಂಡಿ ರಾಣಿಯ ಸ್ನಾನದ ಕೊಳವಾಯಿತು.

"ಅಣ್ಣಾ, ಅದು ಸುಣ್ಣದ ಗುಂಡಿ ಅಲ್ವ?" ಅಂತ ನಾನು ಒಂದು ದಿನ ಕೇಳಿದೆ.

"ಸುಣ್ಣದ ಗುಂಡಿ ನೋಡಕ ಸೀಮೆಯಿಂದ ಬಂದರ ಯಾರಾರ? ರಾಣಿ ಮಿಂದ್ರ ಬತ್ತರ, ಕನವ್ವ."

"ಯಾವ ರಾಣಿ?"

"ಕೇಳ್ದೋರ್ಗ ಯಾವ್ದು ಬೇಕೋ ಆ ರಾಣಿ."

ವೀರಗಲ್ಲಿನ ಮೇಲೆ ಇರುವುದು ಒಂದೇ ಹುಲಿ. ದನ ಕಾಯುವಾಗ ಹುಲಿಗೆ ಅಡ್ಡ ನಿಂತು ಸತ್ತವನು ಅವನು ಅನ್ನುವುದಷ್ಟೇ ಊರಿಗೆ ಗೊತ್ತು. ಸಿದ್ದಣ್ಣನ ವೀರ ಮೊದಮೊದಲು ಆ ಒಂದು ಹುಲಿಯನ್ನೇ ಕೊಲ್ಲುತ್ತಿದ್ದ, ಸೀಜನ್ನು ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಹುಲಿಯೇ ಉಳಿಯದ ಹಾಗೆ ಕೊಂದುಬಿಟ್ಟಿದ್ದ. ದೊರೆಗಳು ಬಾಯಿ ಬಿಟ್ಟು ಕೇಳುತ್ತಿದ್ದರು. ನಾನು ಅವರಿಗೆ ಕುಡಿಯುವ ನೀರು ಹೊತ್ತು ಹಿಂದೆಯೇ ಹೋಗುತ್ತಿದ್ದವಳು, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿದ್ದು ಆ ಬೇಸಿಗೆಯಲ್ಲೇ. ಅಪ್ಪನೂ ಮುದ್ದೆ ಮುಂದಿಟ್ಟುಕೊಂಡು, "ಇವತ್ತು ಎಷ್ಟು ಹುಲಿ ಸತ್ತವಪ್ಪ?" ಅಂತ ಕೇಳುತ್ತಿದ್ದ. ನನಗೆ ಅಣ್ಣನೆಂದರೆ ಪ್ರಾಣವಾಗಿತ್ತು. ಅದನ್ನು ಮುಚ್ಚಿಟ್ಟು ಏನಾಗಬೇಕು?

ಬಂದವರಲ್ಲಿ ಒಬ್ಬ ದೊರೆ ಬೇರೆಯವರ ಹಾಗಿರಲಿಲ್ಲ. ಜೇಬಿನಲ್ಲಿ ಸದಾ ಒಂದು ಸಣ್ಣ ಸುತ್ತಿಗೆ ಇರುತ್ತಿದ್ದುದರಿಂದ ಊರವರು ಅವನನ್ನು ಸುತ್ತಿಗೆ ದೊರೆ ಅಂತಲೇ ಕರೆದರು. ಹುಲಿಯ ಕತೆಗೆ ನಸುನಕ್ಕು ಸುಮ್ಮನಾಗುವವನು. ಕಚೇರಿಗಳಲ್ಲಿ ಅವನ ಮಾತು ನಡೆಯುತ್ತದೆ ಅನ್ನುತ್ತಿದ್ದರು. ಸಾವುಮನೆಯ ಮುಂದೆ ಮಾತ್ರ ಅವನು ಮೊಣಕಾಲೂರಿ ಬಹಳ ಹೊತ್ತು ಕೂತ. ಒಳಗಿನ ಕಲ್ಲುಗಳನ್ನು ಇಣುಕಿ ನೋಡಿ, ತನಗೆ ಒಂದು ಕೊಡುತ್ತೀರಾ ಅಂತ ತಮಿಳಿನಲ್ಲಿ ಕೇಳಿದ. ತಾನು ಹೊಳೆಯ ಕಲ್ಲನ್ನು ಕೇಳುತ್ತಿಲ್ಲ, ಒಳಗೆ ಇಟ್ಟದ್ದೇ ಬೇಕು ಅಂತಲೂ ಹೇಳಿದ.

ಊರು ಅತ್ತಿ ಮರದ ಕೆಳಗೆ ಸೇರಿತು. ದೊರೆಗೆ ಇಲ್ಲ ಅನ್ನುವುದು ಹೇಗೆ? ಆಗ ನಮ್ಮ ಸಿದ್ದಣ್ಣ ಮುಂದೆ ಬಂದು ನಿಂತ.

"ಕಲ್ಲು ಕೇಳ್ಬೇಡಿ ದೊರೆ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಅವು ಕಲ್ಲಲ್ಲ, ನಮ್ಮ ಜನ. ಕೋಟೆ ಬೇಕಾದ್ರ ಹೊತ್ಕಂಡು ಹೋಗಿ. ನಮ್ಮವ್ವ ಅವಳ ಅದರೊಳಗ."

ದೊರೆ ಟೋಪಿ ತೆಗೆದು, ತಪ್ಪಾಯಿತು ಅಂದ. ಅಪ್ಪನ ಕಣ್ಣು ತುಂಬಿತು. ಊರಿನವರು ಸಿದ್ದಣ್ಣನ ಬೆನ್ನು ತಟ್ಟಿದರು. ಆ ದಿನ ನಾನು ಅವನಿಗೆ ತುಪ್ಪದಲ್ಲಿ ಸೊಪ್ಪು ಬಾಡಿಸಿ ಬಡಿಸಿದೆ.

ಅದಾದ ಕೆಲವು ದಿನಕ್ಕೆ ಅಮಾವಾಸ್ಯೆ ಬಂತು. ಹಿಟ್ಟು, ಎಣ್ಣೆ ತಗೊಂಡು ಸಾವುಮನೆಗೆ ಹೋದರೆ, ಹಿಂದಿನ ಸಲ ಉದುರಿಸಿದ ಹಿಟ್ಟು ಅಳಿಸಿತ್ತು, ಅವ್ವನ ಕಲ್ಲು ಸ್ವಲ್ಪ ಮೂಲೆಗೆ ಸರಿದಿತ್ತು. ಕತ್ತಲ ಗೂಡು, ಕೈ ಮಾತ್ರ ಒಳಗೆ ಹೋಗುತ್ತದೆ. ಮನೆಗೆ ಬಂದು ಅಣ್ಣನಿಗೆ ಹೇಳಿದೆ.

"ಉಡ ನುಗ್ಗಿತ್ತು ಕನ," ಅಂದ. "ನಾನೇ ಓಡ್ಸಿ ಸರಿಯಾಗಿ ಇಟ್ಟು ಬಂದೆ. ಅಪ್ಪನ್ಗ ಹೇಳ್ಬೇಡ, ಸುಮ್ನ ನೊಂದ್ಕತನ."

ನಾನು ಹೇಳಲಿಲ್ಲ. ಅಣ್ಣ ಅವ್ವನ ಮೇಲೆ ಎಷ್ಟು ಕಣ್ಣಿಟ್ಟಿದ್ದಾನಲ್ಲ ಅಂತ ಸಮಾಧಾನವಾಯಿತು.

ಆ ಹೊತ್ತಿಗೆ ಹೊಳೆದಡದಲ್ಲಿ ಬಂದವರು ತಂಗಲು ಒಂದು ಬಂಗಲೆಯ ಗೋಡೆಗಳು ಎದ್ದಿದ್ದವು. ಅದನ್ನು ನೋಡಿಕೊಳ್ಳಲು ಒಬ್ಬ ಆಳು ಬೇಕು. ಕೆಂಪು ರುಮಾಲು, ಎದೆಗೆ ಪಟ್ಟಿ, ಪಟ್ಟಿಗೆ ಹಿತ್ತಾಳೆಯ ಬಿಲ್ಲೆ. ಊರಿನ ಗೌಡನ ಅಳಿಯನಿಗೇ ಅದು ಆಗುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಆದದ್ದು ಸಿದ್ದಣ್ಣನಿಗೆ. ಸುತ್ತಿಗೆ ದೊರೆ ಒಂದು ಮಾತು ಹಾಕಿದನಂತೆ ಅಂದರು. ಇಲ್ಲ ಅಂದವನಿಗೂ ಉಪಕಾರ ಮಾಡಿದ, ದೊಡ್ಡ ಮನುಷ್ಯ, ಅಂತ ಅಪ್ಪ ಕೈ ಮುಗಿದ. ನಾವು ಜೇನು ಹಾಕಿ ಪಾಯಸ ಮಾಡಿ ಊರಿಗೆಲ್ಲ ಹಂಚಿದೆವು. ಅಣ್ಣ ಬಿಲ್ಲೆಯನ್ನು ಹುಣಸೆಹಣ್ಣಿನಿಂದ ಉಜ್ಜಿ ಉಜ್ಜಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ.

ಸುತ್ತಿಗೆ ದೊರೆಗೆ ಒಂದು ಹೆಣ್ಣು ಕೂಸಿತ್ತು. ಹೊಳೆಗೆ ಬಂದಾಗಲೆಲ್ಲ ನನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಸೀಜನ್ನು ಮುಗಿಯುವ ಹೊತ್ತಿಗೆ ದೊರೆಸಾನಿ, ಕೂಸನ್ನು ನೋಡಿಕೊಳ್ಳಲು ನಿನ್ನ ತಂಗಿಯನ್ನು ಊಟಿಗೆ ಕಳಿಸು ಅಂತ ಅಣ್ಣನಿಗೆ ಹೇಳಿದಳು. ಎಲ್ಲದಕ್ಕೂ ಹೂಂ ಅನ್ನುವ ಅಣ್ಣ ಇದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅಲ್ಲಿ ಚಳಿ ಅಂದ್ರ ಚಳಿ ಕನ ಮಾದಿ. ಎದಗ ಕಫ ಕಟ್ಕತದ. ನೀ ಹೋದ್ರ ಅಪ್ಪನ್ಗ ಗಂಜಿ ಕಾಸೋರು ಯಾರು?"

"ಅತ್ತಿಗೆ ಇಲ್ವ? ನಾಕು ತಿಂಗ್ಳು ಇದ್ದು ಬತ್ತಿನಿ."

"ಬ್ಯಾಡ ಅಂದ್ರ ಬ್ಯಾಡ."

ನನ್ನ ಮೇಲೆ ಅವನಿಗೆ ಎಷ್ಟು ಮಮತೆ ಅಂತ ನನಗೆ ಇನ್ನೂ ಅಭಿಮಾನವಾಯಿತು. ಕೊನೆಗೆ ಅಪ್ಪನೇ, "ಹೋಗ್ಲಿ ಬುಡ್ಲ. ಇಲ್ಲಿದ್ರ ಹೊಳ ನೋಡ್ಕಂಡು ಅಳ್ತಳ," ಅಂದ. ಅಪ್ಪನ ಮಾತಿಗೆ ಅಣ್ಣ ಎದುರಾಡಲಿಲ್ಲ. ನಾನು ಹೊರಡುವ ಬೆಳಿಗ್ಗೆ ಅವನು ಕಣ್ಣಿಗೆ ಬೀಳಲಿಲ್ಲ. ಬಂಗಲೆಗೆ ಸುಣ್ಣ ಹೊಡೆಸಲು ಹೋಗಿದ್ದಾನೆ ಅಂದಳು ಅತ್ತಿಗೆ.

ಊಟಿಯ ಆ ಮನೆಯಲ್ಲಿ ಗಾಜಿನ ಬೀರುಗಳ ಕೋಣೆಯೊಂದಿತ್ತು. ಹುಲಿಯ ತಲೆಬುರುಡೆ, ಬಾಣಗಳು, ತೋಡರ ಶಾಲು, ಮಣಿಸರಗಳು ಎಲ್ಲ ಅಲ್ಲಿ. ನಾನು ಅಲ್ಲಿಗೆ ಹೋದ ವಾರದಲ್ಲೇ ಒಂದು ಮಧ್ಯಾಹ್ನ ಕೂಸು ತಪ್ಪಿಸಿಕೊಂಡು ಆ ಕೋಣೆಗೆ ಓಡಿತು. ಬೀರು ತೆರೆದಿತ್ತು. ಕೂಸನ್ನು ಎತ್ತಿಕೊಳ್ಳಲು ಬಗ್ಗಿದವಳಿಗೆ ಕೆಳಗಿನ ಹಲಗೆಯ ಮೇಲೆ, ಕೆಂಪು ಬಟ್ಟೆಯ ಮೇಲೆ, ಹಸಿರುಗಪ್ಪು ಕಲ್ಲು ಕಾಣಿಸಿತು. ನಡುವಿಗೆ ಬಿಳಿ ಗೆರೆ.

ಹೊಳೆಯಲ್ಲಿ ಇಂಥ ಕಲ್ಲು ಬೇಕಾದಷ್ಟಿರುತ್ತವೆ ಅಂತ ನನಗೆ ನಾನೇ ಹೇಳಿಕೊಂಡೆ. ಕೈಗೆ ತಗೊಂಡು ತಿರುಗಿಸಿದೆ. ಗೆರೆ ಎಲ್ಲೂ ಕಡಿಯದೆ ಸುತ್ತಲೂ ಬಂದಿತ್ತು. ಎಣ್ಣೆಯ ಜಿಡ್ಡು ಇನ್ನೂ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಕಲ್ಲನ್ನು ನೆಲಕ್ಕಿಟ್ಟು ಬಲಗಾಲನ್ನು ಅದರ ಮೇಲಿಟ್ಟೆ. ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಅದು ಹೊಳೆಯಲ್ಲಿ ಕೂತ ಹಾಗೆಯೇ ಕೂತಿತು. ನಾನು ಅದರ ಪಕ್ಕ ನೆಲದ ಮೇಲೆ ಕೂತು, ಅವ್ವ ಅಂತ ಕರೆದೆ. ಕೂಸು ನನ್ನ ಮುಖ ನೋಡಿ ಅಳತೊಡಗಿತು.

ಅಳು ಕೇಳಿ ಬಂದವನು ಬಟ್ಲರ್ ಅಂತೋಣಿ, ಮಧುರೆ ಕಡೆಯ ಮುದುಕ. "ಅಯ್ಯೋ, ಅದ ಮುಟ್ಟಕೂಡದಮ್ಮಾ," ಅಂತ ಕಲ್ಲನ್ನು ಎತ್ತಿ ಒರೆಸಿದ.

"ಇದನ್ನ ಯಾರು ತಂದ್ರು, ಅಯ್ಯ?"

"ಯಾರಾ? ಉನ್ನ ಅಣ್ಣನೇ ತಾನೇ! ಕಂಬಳಿಯಲ್ಲಿ ಸುತ್ತಿ ತಂದ. ದೊರೆ ಕೇಳಿದಾರು, ಇದು ಆ ಗೂಡಿನ ಒಳಗಿಂದ ತೆಗೆದದ್ದೇನಾ, ಹೊಳೆಯಿಂದ ಹೆಕ್ಕಿ ಬಂದೆಯಾ ಅಂತ. ಇವನು ತಾಯಿ ಮೇಲೆ ಆಣೆ ಇಟ್ಟ. ನಾನೇ ಪಕ್ಕ ನಿಂತಿದ್ದೆ."

ಅವ್ವನ ಮೇಲೆ ಆಣೆಯಿಟ್ಟು ಅವ್ವನನ್ನೇ ಕೊಟ್ಟಿದ್ದ.

ಸಂಜೆ ದೊರೆಸಾನಿಯ ಕಾಲು ಹಿಡಿದೆ. ಅದು ನಮ್ಮವ್ವ, ವಾಪಸು ಕೊಡಿ ಅಂದೆ. ಅವಳು ಕೆಟ್ಟವಳಲ್ಲ, ನನ್ನನ್ನು ಎಬ್ಬಿಸಿ ಕೂರಿಸಿ ದೊರೆಯನ್ನು ಕರೆದಳು. ದೊರೆಯೂ ನಿಧಾನವಾಗಿಯೇ ಮಾತಾಡಿದ. ನಿನ್ನ ಅಣ್ಣ ತಾನಾಗಿ ತಂದು ಕೊಟ್ಟದ್ದು, ಮನೆಯ ಮಗ ಕೊಟ್ಟ ಮೇಲೆ ಅದು ಕೊಟ್ಟ ಹಾಗೆಯೇ, ಅಲ್ಲಿ ಆನೆ ತುಳಿದರೆ ಕಲ್ಲು ಹಾಳು, ಇಲ್ಲಿ ಗಾಜಿನೊಳಗೆ ಭದ್ರ ಅಂದ. ಮಾರನೆಯ ದಿನ ಬೀರಿಗೆ ಬೀಗ ಬಿತ್ತು. ನಾನು ಕೂಸಿಗೂ ಹೇಳದೆ ಘಾಟಿ ಇಳಿದೆ.

ಮಳೆಗಾಲ ಶುರುವಾಗಿತ್ತು. ಅಂದರೆ ನಮ್ಮ ಕಡೆ ಬಿಸಿಲು, ಹೊಳೆಯಲ್ಲಿ ಕೆಂಪು ನೀರು. ಅಣ್ಣ ಹೊಸ ಬಂಗಲೆಯ ಜಗಲಿಯಲ್ಲಿ ಕೆಂಪು ರುಮಾಲು ಸುತ್ತಿ ಕೂತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ. ನಾನು ಏನೂ ಹೇಳಬೇಕಾಗಿರಲಿಲ್ಲ.

"ನೋಡ್ದ?" ಅಂದ.

"ಕಾಲಿಟ್ಟು ನೋಡ್ದೆ."

ಮಾತು ತಾನಾಗಿ ಬಂತು, ಅವನಿಗೆ ಮಾತಿಗೇನು ಬರವೇ? "ನಾನು ಬ್ಯಾರೆಯೋರ ಮನದು ಮುಟ್ಟಿದ್ರ ಅದು ಕಳ್ತನ. ನಮ್ಮವ್ವನ್ನ ಕೊಟ್ಟೆ. ನನ್ಗೂ ಅವ್ವ ಅಲ್ವ ಅವಳು? ಮಗನ್ಗ ಒಂದು ದಾರಿ ಆಗ್ಲಿ ಅಂತ ಅವಳೂ ಅಂದ್ಕಂತಿದ್ಲು. ಹಗಲೂ ರಾತ್ರ ಮೋಪು ಎಳ್ದು ಎಳ್ದು ನನ್ನ ಬೆನ್ನು ಬಿದ್ದೋಗಿತ್ತು, ಮಾದಿ."

"ಹೊಳೇಲಿ ಕಲ್ಲಿಲ್ವ?" ಅಂದೆ. "ಸುಣ್ಣದ ಗುಂಡೀನ ರಾಣಿ ಕೊಳ ಅಂದೆ. ನರಿ ಬಿಲಾನ ಸುರಂಗ ಅಂದೆ. ಒಂದು ಹೊಳೆ ಕಲ್ಲು ಕೊಟ್ಟು ಇದೇ ಅವ್ವ ಅಂತ ಅವನ್ಗ ಒಂದು ಸುಳ್ಳು ಹೇಳಕಾಗ್ನಿಲ್ವ ನಿನ್ಗ?"

"ಆಣ ಇಡು ಅಂದ, ಕನ."

"ಇಡ್ಬೇಕಾಗಿತ್ತು! ಸುಳ್ಳು ಆಣ ಇಡ್ಬೇಕಾಗಿತ್ತು!"

ಇಷ್ಟು ವರ್ಷ ಕಳೆದರೂ ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಅವನು ಸುಳ್ಳುಗಾರ ಅಂತ ಅಲ್ಲ. ಲೋಕಕ್ಕೆಲ್ಲ ಸುಳ್ಳು ಹೇಳುತ್ತಿದ್ದ ಬಾಯಿ, ಸುಳ್ಳು ಹೇಳಬೇಕಾದ ಒಂದು ಕಡೆ ಸತ್ಯ ಹೇಳಿತು. ಆ ಸತ್ಯಕ್ಕೆ ಬೇಕಾದ ಸುಳ್ಳನ್ನು ತಂದು ನಮಗೆ ಕೊಟ್ಟ. ದೊರೆಗೆ ನಿಜವಾದ ಕಲ್ಲು, ಅಪ್ಪನಿಗೆ ಯಾವುದೋ ಕಲ್ಲು. ಹಾಗಾದರೆ ಗೂಡಿನಲ್ಲಿ ಈಗ ಇರುವುದೇನು ಅಂತ ಕೇಳಿದೆ. ತಾನೇ ನೀರಿಗಿಳಿದು ಗೆರೆಯಿರುವ ಕಲ್ಲೊಂದನ್ನು ಹುಡುಕಿ ಇಟ್ಟೆ ಅಂದ. ಅವನು ಕಣ್ಣಿನಿಂದ ಹುಡುಕಿದ ಕಲ್ಲು.

"ಈಗ್ಲೇ ಹೋಗಿ ಅಪ್ಪನ್ಗ ಹೇಳ್ತಿನಿ. ಊರ್ಗ ಹೇಳ್ತಿನಿ," ಅಂದೆ.

ಅವನು ತಡೆಯಲಿಲ್ಲ. ಬಿಲ್ಲೆಯನ್ನು ಸರಿ ಮಾಡಿಕೊಂಡು, ಮೆತ್ತಗೆ, "ಹೇಳು ಹೋಗು. ಅಪ್ಪ ಅಲ್ಲೇ ಕುಂತನ," ಅಂದ.

ಅಪ್ಪ ಅಲ್ಲೇ ಕೂತಿದ್ದ. ಸಾವುಮನೆಯ ಮುಂದೆ ಕಾಲು ಚಾಚಿಕೊಂಡು, ಗೂಡಿನೊಳಗೆ ಕೈಯಿಟ್ಟು. ಅವನಿಗೆ ಕಣ್ಣು ಮಂಜಾಗಿತ್ತು, ಮೊದಲಿನಿಂದಲೂ ಕಲ್ಲನ್ನು ಕೈಯಿಂದಲೇ ನೋಡುತ್ತಿದ್ದವನು. ಅತ್ತಿಗೆ ಆಮೇಲೆ ಹೇಳಿದಳು, ನಾನು ಹೋದಾಗಿನಿಂದ ದಿನವೂ ಬೆಳಿಗ್ಗೆ ಬಂದು ಕೂರುತ್ತಾನಂತೆ. ನನ್ನ ಹೆಜ್ಜೆ ಸಪ್ಪಳ ಕೇಳಿ ಅವನ ಮುಖ ಅರಳಿತು. ನನ್ನ ಕಡೆ ತಿರುಗಲಿಲ್ಲ, ಗೂಡಿನ ಕಡೆ ತಿರುಗಿ ಹೇಳಿದ:

"ಇವ್ಳೇ, ಮಾದಿ ಬಂದವ್ಳ ನೋಡು. ಚಳಿ ತಡೀನಿಲ್ಲ ಅಂತ ಕಾಣ್ತದ. ನಾ ಅಂದಿರ್ನಿಲ್ವ, ಬಂದ್ಬುಟ್ಟಳು ಅಂತ?"

ಅವನ ಪಕ್ಕದಲ್ಲಿ ಕೂತೆ. ಅವನು ನನ್ನ ಕೈ ಹಿಡಿದು ಗೂಡಿನೊಳಗೆ ಒಯ್ದು ಆ ಕಲ್ಲಿನ ಮೇಲಿಟ್ಟ. ತಣ್ಣಗಿತ್ತು. ಅಡಿಗೆ ಬೆರಳು ತೂರಿಸಿ ಸವರಿದೆ, ಗೆರೆ ಬೆನ್ನಿನ ಕಡೆ ಕಡಿದುಹೋಗಿತ್ತು. ದೂರದಲ್ಲಿ ಬಂಗಲೆಯ ಜಗಲಿಯ ಮೇಲೆ ಕೆಂಪು ರುಮಾಲು ಕಾಣುತ್ತಿತ್ತು. ನಾನು ಬಾಯಿ ಬಿಡಲಾರೆ ಅಂತ ಅಣ್ಣನಿಗೆ ಗೊತ್ತಿತ್ತು. ಅವ್ವನನ್ನು ಕೊಟ್ಟದ್ದಕ್ಕಿಂತ ಇದು ಸಣ್ಣದೇನಲ್ಲ. ಅಪ್ಪನ ಮೇಲೆ ನನಗಿದ್ದ ಕರುಣೆಯನ್ನೇ ಅವನು ನನ್ನ ಬಾಯಿಗೆ ಬಟ್ಟೆ ಮಾಡಿ ತುರುಕಿದ.

ಆ ಮಳೆಗಾಲದಲ್ಲೇ ಊಟಿಗೆ ವಾಪಸು ಹೋದೆ, ಆ ಮನೆಗಲ್ಲ. ಪಾದ್ರಿಗಳ ಶಾಲೆಯಲ್ಲಿ ಕಸ ಗುಡಿಸಲು ಸೇರಿ, ಅಲ್ಲೇ ಕನ್ನಡ ಅಕ್ಷರ ಕಲಿತು, ಈಗ ಚಿಕ್ಕ ಹುಡುಗಿಯರಿಗೆ ಅದನ್ನೇ ಕಲಿಸುತ್ತೇನೆ. ಸುತ್ತಿಗೆ ದೊರೆ ಮರುವರ್ಷ ಪೆಟ್ಟಿಗೆಗಳ ಸಮೇತ ಹಡಗು ಹತ್ತಿದ ಅಂತ ಅಂತೋಣ್ಯಣ್ಣ ಹೇಳಿದ. ಹೊಳೆ ನೀರೇ ಸಾಕಾಗಿತ್ತು ನಮ್ಮವ್ವನಿಗೆ, ಕಡಲನ್ನೂ ದಾಟಿದಳು. ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ ಅವನ ಕಲ್ಲನ್ನು ಕಾಲಿನಿಂದ ಹುಡುಕಿ ತಂದು ಗೂಡಿನಲ್ಲಿಟ್ಟೆ. ಪಕ್ಕದಲ್ಲಿ ಆ ಯಾವುದೋ ಕಲ್ಲು. ಅಣ್ಣ ಕೈ ಮುಗಿದು ನಿಂತಿದ್ದ. ಆಗಲಾದರೂ ಹೇಳಬಹುದಿತ್ತಲ್ಲ ಅಂದರೆ, ಹೆಣದ ಮುಂದೆ ಜಗಳವೇಕೆ ಅನ್ನಿಸಿತ್ತು. ಅವನೇ ಒಂದು ಮಾತು ಆಡಿಯಾನು ಅಂತ ಕಾದೆ. ಬಿಲ್ಲೆ ಮಿರಿಮಿರಿ ಮಿಂಚುತ್ತಿತ್ತು, ಮಾತು ಬರಲಿಲ್ಲ.

ಈಗ ಅದೇ ಬಿಲ್ಲೆ ಮಾರನ ಎದೆಯ ಮೇಲಿತ್ತು. ನಾವು ಊರು ಸೇರುವಾಗ ಹೊಳೆದಡದಲ್ಲಿ ಜನ ಕಾಯುತ್ತಿದ್ದರು. ಅತ್ತಿಗೆ ನನ್ನನ್ನು ತಬ್ಬಿ ಅತ್ತಳು. ಅವಳ ಅಳುವಿಗೆ ನನಗೂ ಕಣ್ಣು ಒದ್ದೆಯಾಯಿತು, ಅವಳದೇನು ತಪ್ಪು? ನೀರು ತಿಳಿಯಾಗಿತ್ತು. ನಾನು ದಡದ ಕಡೆ ಮುಖ ಮಾಡಿ ಹಿಂದಕ್ಕೆ ಒಂದು ಹೆಜ್ಜೆಯಿಟ್ಟೆ. ಅಂದು ನನ್ನನ್ನು ಧೈರ್ಯವಾಗಿ ಇಳಿಸಿದ ಮುಖ ನಿಂತಿದ್ದ ಜಾಗದಲ್ಲಿ ಮಾರ ನಿಂತಿದ್ದ. ಸಿದ್ದಣ್ಣನದೇ ಅಚ್ಚು ಅವನು. ನೀರು ಕಣಕಾಲಿಗೆ ತಾಗಿತು. ಇನ್ನೊಂದು ಹೆಜ್ಜೆ ಇಡಲಾಗಲಿಲ್ಲ.

ಮೇಲೆ ಬಂದೆ. ಯಾರ ಜೊತೆಯೂ ಮಾತಾಡದೆ ದಿಬ್ಬ ಹತ್ತಿ ನಮ್ಮ ಸಾವುಮನೆಯ ಮುಂದೆ ಕೂತು ಕೈ ಒಳಗಿಟ್ಟೆ. ಅಪ್ಪನನ್ನು ಸವರಿ, ಪಕ್ಕದ ಕಲ್ಲನ್ನು ಹೊರಗೆ ತೆಗೆದೆ. ಇಷ್ಟು ವರ್ಷದ ಎಣ್ಣೆ ಕುಡಿದು ಕಪ್ಪಗಾಗಿತ್ತು.

"ಅಯ್ಯಯ್ಯೋ, ಏನ್ ಮಾಡ್ತಿದ್ದಯ್ಯವ್ವ!" ಅಂತ ಅತ್ತಿಗೆ ಕೂಗಿದಳು. "ಅದು ಅತ್ತೆಮ್ಮ ಕನ! ಅತ್ತೆಮ್ಮನ ಕಲ್ಲು!"

"ಅಲ್ಲ ಅತ್ತಿಗೆ."

ಕಲ್ಲನ್ನು ಬೆನ್ನು ಮೇಲಾಗಿ ತಿರುಗಿಸಿ, ಗೆರೆ ಕಡಿದ ಜಾಗವನ್ನು ಹೆಬ್ಬೆರಳಿನಿಂದ ಒರೆಸಿ ಅವರಿಗೆ ತೋರಿಸಿದೆ. ಸುತ್ತ ನಿಂತವರಲ್ಲಿ ಅವ್ವನ ಕಲ್ಲನ್ನು ಕಂಡಿದ್ದ ಮುದುಕಿಯರು ಇಬ್ಬರು ಮೂವರಿದ್ದರು. ಅವರು ಬಗ್ಗಿ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅತ್ತೆ," ಅಂದ ಮಾರ, "ನೀ ನೀರಿಗೇ ಇಳೀನಿಲ್ವಲ್ಲ. ಅಪ್ಪನ ಕಲ್ಲು ಎಲ್ಲಿ?"

ನಾನು ಆ ಕಲ್ಲನ್ನು ಅವನ ಎರಡೂ ಕೈಗೆ ಇಟ್ಟೆ.

"ಇದನ್ನ ನಿಮ್ಮಪ್ಪನೇ ನೀರಿಗಿಳಿದು ಹುಡುಕಿ ತಂದಿದ್ದ, ಮಗ. ಅವನ್ಗೇ ಇರ್ಲಿ."

ಗೂಡಿನ ಬಾಗಿಲ ಹತ್ತಿರ, ಅಪ್ಪನಿಂದ ದೂರವಾಗಿ, ಅದನ್ನು ಇಡಿಸಿದೆ. ರಾಗಿ ಹಿಟ್ಟು ಉದುರಿಸಿದೆ. ಅಪ್ಪನ ಪಕ್ಕದಲ್ಲಿ ಕಲ್ಲು ಕೂತಿದ್ದ ಗುಳಿ ಹಾಗೆಯೇ ಇತ್ತು. ಅದಕ್ಕೆ ಏನಾದರೂ ಇಡು ಅಂತ ಅತ್ತಿಗೆ ಅಂದಳು. ನಾನು ಏನೂ ಇಡಲಿಲ್ಲ.